ಊಖಿಮಠ: ಕೇದಾರೇಶ್ವರನ ಚಳಿಗಾಲದ ಊರು

ಉತ್ತರಾಖಂಡದ ಮಂದಾಕಿನೀ ಕಣಿವೆಯಲ್ಲಿ ಕುಂಡ ಎಂಬ ಚಿಕ್ಕ ತಾಣವೊಂದುಂಟು. ಋಷಿಕೇಶದಿಂದ ಗಂಗೆಯ ಮಗ್ಗುಲಲ್ಲಿ ಏರುತ್ತ ಬಂದ ದಾರಿ ಅಲ್ಲಿ ಇಬ್ಭಾಗವಾಗುತ್ತದೆ. ಒಂದು ಕವಲು ಗುಪ್ತಕಾಶಿಯ ಮೂಲಕ ಗೌರೀಕುಂಡಕ್ಕೂ, ಅಲ್ಲಿಂದ ಕಾಲ್ದಾರಿಯಾಗಿ ಕೇದಾರಕ್ಕೂ ಹೋಗುತ್ತದೆ. ಇನ್ನೊಂದು ಕವಲು ಬೆಟ್ಟದ ಓರೆಯನ್ನು ಸುತ್ತಿ ಸುತ್ತಿ ಏರಿ ಊಖಿಮಠವನ್ನು ಸೇರುತ್ತದೆ. ನಮ್ಮ ನಾಡಿನಿಂದ ಕೇದಾರ ಯಾತ್ರೆಗೆ ಹೋಗುವ ಭಕ್ತರಲ್ಲಿ ಬಹುಮಂದಿ ಮೊದಲಿನ ಕವಲನ್ನೇ ಹಿಡಿದು ಹೋಗಿ, ದರ್ಶನ ಮುಗಿಸಿ, ಅದೇ ದಾರಿಯಿಂದ ಮರಳಿ ಬಿಡುತ್ತಾರೆ. ಗುಪ್ತಕಾಶಿಯಲ್ಲಿ ನಿಂತು ನೋಡಿದರೆ ಕಣಿವೆಯ ಆಚೆಯ ದಡದಲ್ಲಿ, ಮೆಟ್ಟಿಲು ಮೆಟ್ಟಿಲಾದ ಹೊಲಗಳ ನಡುವೆ ಒಂದು ಊರು ಕಾಣುತ್ತದೆ. ಅದು ಯಾವ ಊರೆಂದು ವಿಚಾರಿಸುವವರು ವಿರಳ.

ಹೀಗೆ ವಿಚಾರಿಸದೆ ಬರುವುದು ನಮ್ಮವರ ಮಟ್ಟಿಗಂತೂ ವಿಚಿತ್ರವೇ ಸರಿ. ವೀರಶೈವ ಪರಂಪರೆಯು ಹೇಳುವ ಪಂಚಪೀಠಗಳಲ್ಲಿ ಹಿಮವತ್ಕೇದಾರದ ವೈರಾಗ್ಯ ಸಿಂಹಾಸನದ ನೆಲೆ ಇದೇ ಊಖಿಮಠ. ಕೇದಾರನಾಥದ ರಾವಲರು, ಎಂದರೆ ಪ್ರಧಾನ ಗುರುಗಳು, ವಾಸಿಸುವುದು ಇಲ್ಲಿ. ವರ್ಷದ ಸುಮಾರು ಆರು ತಿಂಗಳು ಕೇದಾರೇಶ್ವರನಿಗೆ ಪೂಜೆ ಸಲ್ಲುವುದೂ ಇಲ್ಲಿಯೇ. ಆದುದರಿಂದ ಈ ಸಣ್ಣ ಊರನ್ನು ಕುರಿತು, ಅಲ್ಲಿಗೆ ಹೋಗುವ ಯಾತ್ರಿಕನು ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ಭಾವಿಸಿದ್ದೇವೆ.

ದಾರಿಯ ವಿವರ ದೀರ್ಘವಾಗಿ ಬೇಕಿಲ್ಲ. ಹರಿದ್ವಾರದವರೆಗೆ ರೈಲು, ಅಲ್ಲಿಂದ ೨೪ ಕಿ.ಮೀ. ಋಷಿಕೇಶ. ಮುಂದೆ ಎಪ್ಪತ್ತು ಕಿ.ಮೀ. ದೂರದ ದೇವಪ್ರಯಾಗದಲ್ಲಿ ಅಲಕನಂದಾ ಭಾಗೀರಥಿಯರು ಕೂಡುತ್ತಾರೆ. ಶ್ರೀನಗರ (ಇದು ಕಾಶ್ಮೀರದ್ದಲ್ಲ, ಗಢವಾಲದ ರಾಜರ ಹಳೆಯ ರಾಜಧಾನಿ) ಕಳೆದು, ಸುಮಾರು ೧೪೦ ಕಿ.ಮೀ. ಆದಾಗ ರುದ್ರಪ್ರಯಾಗ. ಅಲ್ಲಿ ಬದರಿಯ ದಾರಿಯನ್ನು ಬಿಟ್ಟು ಮಂದಾಕಿನಿಯ ಜೊತೆ ತಿರುಗಬೇಕು. ಅಗಸ್ತ್ಯಮುನಿಯ ಮೇಲೆ ಹಾದು ಸುಮಾರು ೪೧ ಕಿ.ಮೀ. ನಡೆದರೆ ಊಖಿಮಠ. ಈ ರುದ್ರಪ್ರಯಾಗದ ಸುತ್ತಣ ಯಾತ್ರಾಮಾರ್ಗದಲ್ಲಿಯೇ ೧೯೧೮ರಿಂದ ೧೯೨೬ರವರೆಗೆ ಒಂದು ಚಿರತೆ ೧೨೫ ಜನರನ್ನು ಕೊಂದಿತು. ಅದನ್ನು ಬೇಟೆಯಾಡಿದ ಜಿಮ್ ಕಾರ್ಬೆಟ್ಟರ ವೃತ್ತಾಂತವನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವುದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನಕ್ಕೆ ಈ ಊರುಗಳ ಹೆಸರು ಭೂಗೋಳದ ಪಾಠಕ್ಕಿಂತ ಮೊದಲೇ ಪರಿಚಿತ. ಆಗ ಮೋಟಾರು ರಸ್ತೆ ಇರಲಿಲ್ಲ. ಯಾತ್ರಿಕರು ಋಷಿಕೇಶದಿಂದಲೇ ನಡೆಯುತ್ತಿದ್ದರು. ರಾತ್ರಿ ತಂಗುವ ನೆಲೆಗಳಿಗೆ ಚಟ್ಟಿಗಳೆಂದು ಹೆಸರು. ಕೇದಾರ ದರ್ಶನ ಮುಗಿಸಿ ಬದರಿಗೆ ಹೊರಟವರು ಊಖಿಮಠ, ಚೋಪ್ತಾ, ಗೋಪೇಶ್ವರಗಳ ಮೇಲೆ ಬೆಟ್ಟ ದಾಟಿ ಚಮೋಲಿಗೆ ಇಳಿಯುತ್ತಿದ್ದರು. ಅಂದಿನ ಯಾತ್ರಿಕನು ಊಖಿಮಠವನ್ನು ನೋಡದೆ ಹೋಗುವುದು ಸಾಧ್ಯವೇ ಇರಲಿಲ್ಲ. ರಸ್ತೆ ಬಂದು ಪ್ರಯಾಣ ಸುಲಭವಾದ ಮೇಲೆ ಊರು ಪಕ್ಕಕ್ಕೆ ಸರಿಯಿತು.

ಊರು ಸಮುದ್ರಮಟ್ಟದಿಂದ ಸುಮಾರು ೧,೩೦೦ ಮೀಟರು ಎತ್ತರದಲ್ಲಿದೆ. ನಮ್ಮ ಮಡಿಕೇರಿಗಿಂತ ಕೊಂಚ ಹೆಚ್ಚು. ರುದ್ರಪ್ರಯಾಗ ಜಿಲ್ಲೆಯ ಒಂದು ತಹಸೀಲಿನ ಕೇಂದ್ರ, ಒಂದು ನಗರ ಪಂಚಾಯತಿ. ರಸ್ತೆಯ ಎರಡು ಬದಿಗೆ ಅಂಗಡಿಸಾಲು, ಕಚೇರಿಗಳು, ಶಾಲೆಗಳು, ಕೆಳಗೆ ಮೇಲೆ ಹಬ್ಬಿದ ಮನೆಗಳು. ಹಳೆಯ ಮನೆಗಳಿಗೆ ಚಪ್ಪಡಿ ಕಲ್ಲಿನ ಮಾಡು. ಹೊಸವಕ್ಕೆ ಎಲ್ಲೆಡೆಯಂತೆ ಕಾಂಕ್ರೀಟು. ಆಕಾಶ ತಿಳಿಯಾಗಿರುವ ದಿನ ಬೆಳಿಗ್ಗೆ ಉತ್ತರಕ್ಕೆ ಮುಖಮಾಡಿ ನಿಂತರೆ ಹಿಮಶಿಖರಗಳು ಕಾಣುತ್ತವೆ. ಬಜಾರಿನ ಜನ ಅದನ್ನು ನೋಡುವುದಕ್ಕೆಂದು ತಲೆಯೆತ್ತುವುದಿಲ್ಲ. ಅದು ಅವರ ಹಿತ್ತಿಲು.

ಹೆಸರಿನ ವಿಷಯದಲ್ಲಿ ಉಪಾಧ್ಯಾಯರಿಗೆ ಆಸಕ್ತಿಯುಂಟುಮಾಡುವ ಒಂದು ಅಂಶವಿದೆ. ಬಾಣಾಸುರನ ಮಗಳು ಉಷೆಯು ಇಲ್ಲಿದ್ದಳೆಂದೂ, ಕೃಷ್ಣನ ಮೊಮ್ಮಗನಾದ ಅನಿರುದ್ಧನೊಡನೆ ಅವಳ ವಿವಾಹವು ಇಲ್ಲಿಯೇ ನಡೆಯಿತೆಂದೂ ಸ್ಥಳಪುರಾಣ. ವಿವಾಹಮಂಟಪವೆಂದು ಒಂದು ಸ್ಥಳವನ್ನು ತೋರಿಸುವುದೂ ಉಂಟು. ಉತ್ತರದ ಆಡುನುಡಿಗಳಲ್ಲಿ ಸಂಸ್ಕೃತದ ಷಕಾರವು ಖಕಾರವಾಗುತ್ತದೆ. ಭಾಷಾ ಎಂಬುದು ಭಾಖಾ ಆಗುವಂತೆ, ವರ್ಷಾ ಎಂಬುದು ಬರಖಾ ಆಗುವಂತೆ, ಉಷಾಮಠವು ಊಖಿಮಠವಾಯಿತೆಂದು ಅಲ್ಲಿನವರು ಹೇಳುತ್ತಾರೆ. ಉಷಾಪರಿಣಯವನ್ನು ಯಕ್ಷಗಾನದಲ್ಲಿ ಕಂಡವರಿಗೆ ಕಥೆ ಹೊಸದಲ್ಲ. ಒಂದೇ ಕಥೆಗೆ ದೇಶದಲ್ಲಿ ಹಲವು ಊರುಗಳು ಹಕ್ಕುದಾರರಾಗಿರುವುದೂ ಹೊಸದಲ್ಲ.

ಊರಿನ ಮಧ್ಯಬಿಂದು ಓಂಕಾರೇಶ್ವರ ದೇವಾಲಯ. ಮಾಂಧಾತ ಚಕ್ರವರ್ತಿಯು ಇಲ್ಲಿ ತಪಸ್ಸು ಮಾಡಿದನೆಂದೂ, ಶಿವನು ಓಂಕಾರರೂಪದಲ್ಲಿ ಅವನಿಗೆ ದರ್ಶನವಿತ್ತನೆಂದೂ ಪ್ರತೀತಿ. ಬಣ್ಣಬಣ್ಣದ ಹೆಬ್ಬಾಗಿಲನ್ನು ದಾಟಿದರೆ ಚೌಕಾಕಾರದ ಅಂಗಳ. ನಡುವೆ ಕೇದಾರದ ಗುಡಿಯನ್ನು ನೆನಪಿಸುವ ಕಲ್ಲಿನ ಗುಡಿ, ಅದರ ಶಿಖರದ ಮೇಲೆ ಮರದ ಛತ್ರ. ದಕ್ಷಿಣದ ಮಹಾದೇವಾಲಯಗಳನ್ನು ಕಂಡ ಕಣ್ಣಿಗೆ ಇದು ಚಿಕ್ಕದೆನಿಸೀತು. ಬಾದಾಮಿ, ಲಕ್ಕುಂಡಿಗಳ ಶಿಲ್ಪವೈಭವವನ್ನು ಇಲ್ಲಿ ಅರಸಬಾರದು. ಇಲ್ಲಿ ಅರಸಬೇಕಾದುದು ಒಂದು ವ್ಯವಸ್ಥೆಯನ್ನು.

ಆ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ೩,೫೮೩ ಮೀಟರು ಎತ್ತರದ ಕೇದಾರದಲ್ಲಿ ಚಳಿಗಾಲ ಕಳೆಯುವುದು ಮನುಷ್ಯರಿಗೆ ದುಸ್ಸಾಧ್ಯ. ಆದುದರಿಂದ ದೀಪಾವಳಿಯ ಮರುದಿನಗಳಲ್ಲಿ ಬರುವ ಯಮದ್ವಿತೀಯೆಯಂದು, ನಮ್ಮ ಸೋದರಬಿದಿಗೆಯ ದಿನ, ಸ್ವಯಂಭೂ ಲಿಂಗಕ್ಕೆ ಭಸ್ಮ ಪುಷ್ಪಗಳನ್ನು ಹೊದಿಸಿ ಸಮಾಧಿಪೂಜೆ ಮಾಡಿ ಗುಡಿಯ ಬಾಗಿಲು ಮುಚ್ಚುತ್ತಾರೆ. ಪಂಚಮುಖಿ ಉತ್ಸವಮೂರ್ತಿಯು ಪಲ್ಲಕ್ಕಿಯಲ್ಲಿ ಹೊರಡುತ್ತದೆ. ಅಲ್ಲಿನವರು ಪಲ್ಲಕ್ಕಿಗೆ ಡೋಲಿ ಎನ್ನುತ್ತಾರೆ. ಮೊದಲ ರಾತ್ರಿ ರಾಂಪುರ, ಎರಡನೆಯ ರಾತ್ರಿ ಗುಪ್ತಕಾಶಿಯ ವಿಶ್ವನಾಥ ಮಂದಿರ, ಮೂರನೆಯ ದಿನ ಊಖಿಮಠ. ಚಳಿಗಾಲವೆಲ್ಲ ಓಂಕಾರೇಶ್ವರನ ಗುಡಿಯಲ್ಲಿ ಪೂಜೆ. ಮಹಾಶಿವರಾತ್ರಿಯಂದು ಇದೇ ಗುಡಿಯಲ್ಲಿ, ರಾವಲರ ಸಮ್ಮುಖದಲ್ಲಿ ಪಂಚಾಂಗ ನೋಡಿ, ಆ ವರ್ಷ ಕೇದಾರದ ಬಾಗಿಲು ಯಾವ ದಿನ, ಯಾವ ಗಳಿಗೆಯಲ್ಲಿ ತೆರೆಯಬೇಕೆಂದು ಸಾರುತ್ತಾರೆ. ವೈಶಾಖದ ಹೊತ್ತಿಗೆ ಭೈರವನಿಗೆ ಪೂಜೆ ಸಲ್ಲಿಸಿ ಡೋಲಿ ಮತ್ತೆ ಮೇಲಕ್ಕೆ ಹೊರಡುತ್ತದೆ. ಗುಪ್ತಕಾಶಿ, ಫಾಟಾ, ಗೌರೀಕುಂಡಗಳಲ್ಲಿ ತಂಗಿ ಕೇದಾರವನ್ನು ಸೇರುತ್ತದೆ.

ಪಂಚಕೇದಾರಗಳಲ್ಲಿ ಎರಡನೆಯದಾದ ಮಧ್ಯಮಹೇಶ್ವರನದೂ ಚಳಿಗಾಲದ ನೆಲೆ ಊಖಿಮಠವೇ. ಕೇದಾರದ ಡೋಲಿ ಬಂದ ಕೆಲವು ವಾರಗಳ ನಂತರ ಅದು ಗೌಂಡಾರ್, ರಾನ್ಸಿ ಮೊದಲಾದ ಹಳ್ಳಿಗಳಲ್ಲಿ ತಂಗುತ್ತ ಇಳಿದು ಬರುತ್ತದೆ. ಆಗ ಊರಿನಲ್ಲಿ ಜಾತ್ರೆ. ತುಂಗನಾಥನು ಮಕ್ಕೂಮಠಕ್ಕೆ, ರುದ್ರನಾಥನು ಗೋಪೇಶ್ವರಕ್ಕೆ ಇಳಿಯುತ್ತಾರೆ. ಕಲ್ಪೇಶ್ವರನೊಬ್ಬನು ಮಾತ್ರ ವರ್ಷವಿಡೀ ಇದ್ದಲ್ಲಿಯೇ ಇರುವವನು. ಬೇಸಗೆಯಲ್ಲಿ ಎತ್ತರದ ಹುಲ್ಲುಗಾವಲಿಗೆ ಕುರಿ ದನಗಳೊಡನೆ ಏರಿ, ಚಳಿಗೆ ಮುನ್ನ ಇಳಿದು ಬರುವುದು ಹಿಮಾಲಯದ ಜನರ ಪುರಾತನ ಜೀವನಕ್ರಮ. ದೇವರೂ ಅದೇ ಕ್ರಮದಲ್ಲಿ ಬಾಳುತ್ತಾನೆ. ನಮ್ಮ ಭೂಗೋಳದ ಅಧ್ಯಾಪಕರು ಋತುಮಾನದ ವಲಸೆಯನ್ನು ಪಾಠ ಹೇಳುವಾಗ ಪರದೇಶದ ಉದಾಹರಣೆಗಳನ್ನೇ ಹುಡುಕಬೇಕಾಗಿಲ್ಲ. ಮಂದಾಕಿನೀ ಕಣಿವೆಯ ಒಂದು ನಕ್ಷೆಯನ್ನು ಕರಿಹಲಗೆಯ ಮೇಲೆ ಬರೆದು ಡೋಲಿಯ ದಾರಿಯನ್ನು ತೋರಿಸಿದರೆ ಮಕ್ಕಳಿಗೆ ವಿಷಯ ಮನದಟ್ಟಾದೀತು.

ಇನ್ನು ಕರ್ನಾಟಕದ ಸಂಬಂಧ. ಬದರಿಯ ರಾವಲರು ಕೇರಳದ ನಂಬೂದಿರಿಗಳಾದರೆ, ಕೇದಾರದ ರಾವಲರು ದಕ್ಷಿಣದ ವೀರಶೈವ ಜಂಗಮ ಪರಂಪರೆಯವರು. ರಾವಲರು ತಾವೇ ಕೇದಾರದ ಗರ್ಭಗುಡಿಯಲ್ಲಿ ನಿತ್ಯಪೂಜೆ ಮಾಡುವುದಿಲ್ಲ. ಅವರ ಶಿಷ್ಯರಾದ ಪೂಜಾರಿಗಳು, ಇವರೂ ಮೂಲತಃ ಕರ್ನಾಟಕದ ಜಂಗಮರು, ವರ್ಷವರ್ಷವೂ ಸರದಿಯ ಮೇಲೆ ಕೇದಾರ, ಮಧ್ಯಮಹೇಶ್ವರ, ಗುಪ್ತಕಾಶಿ, ಊಖಿಮಠಗಳಲ್ಲಿ ನಿಯುಕ್ತರಾಗಿ ರಾವಲರ ಆಜ್ಞೆಯಂತೆ ಸೇವೆ ಸಲ್ಲಿಸುತ್ತಾರೆ. ಆದುದರಿಂದ ಓಂಕಾರೇಶ್ವರನ ಅಂಗಳದಲ್ಲಿ ಕನ್ನಡದ ಮಾತೊಂದು ಕಿವಿಗೆ ಬಿದ್ದರೆ ಅಚ್ಚರಿಪಡಬೇಕಾಗಿಲ್ಲ. ಈ ಬಾಂಧವ್ಯ ಎಷ್ಟು ದೂರವನ್ನು ದಾಟಿ ನಿಂತಿದೆ ಎಂಬುದು ೨೦೨೦ರಲ್ಲಿ ಎಲ್ಲರಿಗೂ ಗೋಚರವಾಯಿತು. ಕೊರೋನಾ ಕಾರಣದಿಂದ ದೇಶದ ಸಂಚಾರವೆಲ್ಲ ನಿಂತಿದ್ದಾಗ ದಕ್ಷಿಣದಲ್ಲಿದ್ದ ರಾವಲರು ರಸ್ತೆಯ ಮೂಲಕವೇ ಊಖಿಮಠಕ್ಕೆ ಬಂದು ನಿಯಮದಂತೆ ಪ್ರತ್ಯೇಕವಾಸದಲ್ಲಿ ಉಳಿದರು. ಆ ವರ್ಷ ಏಪ್ರಿಲ್ ೨೯ರಂದು ಯಾತ್ರಿಕರಿಲ್ಲದೆಯೇ ಕೇದಾರದ ಬಾಗಿಲು ತೆರೆಯಿತು.

ಇದನ್ನೆಲ್ಲ ತಿಳಿದಾಗ ನಮ್ಮವರಲ್ಲಿ ಅಭಿಮಾನ ಉಕ್ಕುವುದು ಸಹಜ. ಆದರೆ ಊಖಿಮಠಕ್ಕೆ ಹೋಗುವ ಕನ್ನಡಿಗನು ಈ ಅಭಿಮಾನವನ್ನು ಸ್ವಲ್ಪ ಹಿಡಿತದಲ್ಲಿ ಇಟ್ಟುಕೊಳ್ಳುವುದು ಒಳಿತು. ಅಲ್ಲಿ ನಮ್ಮದೆಂದು ಹೇಳಿಕೊಳ್ಳುವುದಕ್ಕಿಂತ ಅಲ್ಲಿಯವರು ಹೊತ್ತು ನಡೆಸುತ್ತಿರುವುದೇ ಹೆಚ್ಚು. ಆಡಳಿತ ೧೯೩೯ರ ಕಾಯಿದೆಯಿಂದ ಹುಟ್ಟಿದ ಬದರೀನಾಥ ಕೇದಾರನಾಥ ಮಂದಿರ ಸಮಿತಿಯದು. ಯಾತ್ರಿಕರ ಸಂಕಲ್ಪ, ಪೂಜಾವಿಧಿಗಳನ್ನು ನಡೆಸಿಕೊಡುವ ತೀರ್ಥಪುರೋಹಿತರು ಕಣಿವೆಯ ಹಳ್ಳಿಗಳವರು. ಡೋಲಿಯನ್ನು ಹೆಗಲ ಮೇಲೆ ಹೊರುವವರು ಸ್ಥಳೀಯರು. ಶತಮಾನಗಳ ಕಾಲ, ಬೇರೆ ನುಡಿಯ, ಬೇರೆ ಆಚಾರದ ಗುರುವೊಬ್ಬನನ್ನು ಸಾವಿರಾರು ಮೈಲಿ ದೂರದಿಂದ ಬರಮಾಡಿಕೊಂಡು, ತಮ್ಮ ದೇವರ ಕಿರೀಟವನ್ನು ಅವನ ಕೈಗೆ ಒಪ್ಪಿಸಿದವರು ಈ ಜನ. ಕೊಟ್ಟವರ ದೊಡ್ಡತನವನ್ನು ಪಡೆದವರು ಮೊದಲು ನೆನೆಯಬೇಕಲ್ಲವೇ?

ಡೋಲಿಯ ಮುಂದೆ ಢೋಲ್ ಮತ್ತು ದಮಾವೂ ಎಂಬ ಎರಡು ವಾದ್ಯಗಳು ನಡೆಯುತ್ತವೆ. ಢೋಲ್ ಹೆಗಲಿಗೆ ತೂಗಿದ ದೊಡ್ಡ ಡೋಲು. ದಮಾವೂ ಬೋಗುಣಿಯಾಕಾರದ ಲೋಹದ ಚಿಕ್ಕ ನಗಾರಿ. ಬಾರಿಸುವವರು ಬಾಜಗಿಗಳೆಂಬ ಸಮುದಾಯದವರು. ಮಂಗಳಕಾರ್ಯಕ್ಕೆ ಒಂದು ನಡೆ, ದೇವರು ಹೊರಡುವುದಕ್ಕೆ ಒಂದು ನಡೆ, ಹೊಳೆ ದಾಟುವುದಕ್ಕೆ ಬೇರೊಂದು ನಡೆ. ಈ ವಿದ್ಯೆಗೆ ಢೋಲ್‌ಸಾಗರ ಎಂದು ಹೆಸರು, ಬಹುಮಟ್ಟಿಗೆ ತಂದೆಯ ಬಾಯಿಂದ ಮಗನಿಗೆ ಬಂದುದು. ಇವರ ಧ್ವನಿಯಿಲ್ಲದೆ ದೇವರು ಒಂದು ಹೆಜ್ಜೆ ಮುಂದಿಡುವಂತಿಲ್ಲ. ಆದರೂ ಗಢವಾಲದ ಜಾತಿಶ್ರೇಣಿಯು ಇವರನ್ನು ಇರಿಸಿದ್ದು ಕಟ್ಟಕೊನೆಯಲ್ಲಿ. ಈ ತಲೆಮಾರಿನ ಹುಡುಗರು ವಾದ್ಯವನ್ನು ಬಿಟ್ಟು ಬಯಲುಸೀಮೆಯ ನಗರಗಳಿಗೆ ಹೋಗುತ್ತಿದ್ದರೆ ಅವರನ್ನು ದೂರುವ ಅಧಿಕಾರ ಯಾರಿಗಿದೆ? ಕಾಯಕವನ್ನೇ ಪೂಜೆಯೆಂದು ಬೋಧಿಸಿದ ಶರಣರ ಹೆಸರಿನಲ್ಲಿ ಶಾಲೆ ನಡೆಸುವ ನಾವು, ಮೂರ್ತಿಗೆ ಕೈಮುಗಿದು ಡೋಲಿನವರ ಕಡೆ ನೋಡದೆ ಬಂದರೆ ಆ ಯಾತ್ರೆ ಅರ್ಧವಾದಂತೆಯೇ.

ಊಟದ ವಿಷಯದಲ್ಲಿ ನಮ್ಮವರಿಗೆ ಒಂದು ಸಂತೋಷ ಕಾದಿದೆ. ಬಜಾರಿನ ಖಾನಾವಳಿಗಳಲ್ಲಿ ಎಲ್ಲೆಡೆಯ ಪೂರಿ, ಪರಾಠೆ, ಆಲೂಗಡ್ಡೆಯ ಪಲ್ಯವೇ ಮುಂದೆ ಬರುತ್ತದೆ. ಯಾತ್ರಿಕರಿಗೆ ಅದೇ ಬೇಕೆಂದು ಅವರ ನಂಬಿಕೆ. ಮನೆಯ ಊಟ ಕೇಳಿ ಪಡೆಯಬೇಕು. ಆಗ ಬರುವ ಕಪ್ಪು ರೊಟ್ಟಿ ಮಂಡುವಾ ಹಿಟ್ಟಿನದು. ಮಂಡುವಾ ಎಂದರೆ ಬೇರೇನಲ್ಲ, ನಮ್ಮ ರಾಗಿ. ಗಹತ್ ಎಂಬ ಬೇಳೆ ನಮ್ಮ ಹುರುಳಿ. ಝಂಗೋರಾ ಎಂಬುದು ಊದಲು; ಅದರ ಪಾಯಸ ಬಲು ರುಚಿ. ರಾಗಿ, ರಾಜಗಿರಿ, ಹುರುಳಿ, ಅವರೆಯ ಜಾತಿಯ ಕಾಳುಗಳು ಹೀಗೆ ಹಲವನ್ನು ಒಂದೇ ಹೊಲದಲ್ಲಿ ಬೆರಸಿ ಬಿತ್ತುವ ಪದ್ಧತಿಗೆ ಅಲ್ಲಿ ಬಾರಹ್‌ನಾಜಾ, ಎಂದರೆ ಹನ್ನೆರಡು ಧಾನ್ಯ, ಎಂದು ಹೆಸರು. ನಮ್ಮ ರೈತರ ಅಕ್ಕಡಿ ಸಾಲಿನ ಹಿಂದಿರುವ ತಿಳಿವಳಿಕೆಯೇ ಅಲ್ಲಿಯೂ ಕೆಲಸ ಮಾಡಿದೆ: ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಹೊಟ್ಟೆ ತುಂಬಿಸಲಿ. ಮೆಟ್ಟಿಲು ಹೊಲಗಳಲ್ಲಿ ಬಗ್ಗಿ ದುಡಿಯುವವರು, ಕಾಡಿನಿಂದ ಮೇವಿನ ಹೊರೆ ತರುವವರು ಹೆಚ್ಚಾಗಿ ಹೆಂಗಸರು. ಗಂಡಸರು ಸೈನ್ಯಕ್ಕೋ ಬಯಲಿನ ನೌಕರಿಗೋ ಹೋಗುವುದು ಹಳೆಯ ರೂಢಿ. ಈ ಬೆಟ್ಟಗಳದು ಮನಿಆರ್ಡರಿನ ಅರ್ಥವ್ಯವಸ್ಥೆ ಎಂಬ ಮಾತೇ ಒಂದು ಕಾಲಕ್ಕೆ ಪ್ರಚಲಿತವಾಗಿತ್ತು. ಕಾಡು ಕೈತಪ್ಪಿದರೆ ಮೊದಲು ಬವಣೆಪಡುವವರು ಈ ಹೆಂಗಸರೇ. ಮರಗಳನ್ನು ಉಳಿಸುವ ಚಿಪ್ಕೋ ಚಳವಳಿಯ ಆರಂಭದ ಘಟ್ಟಗಳಲ್ಲೊಂದು ೧೯೭೩ರಲ್ಲಿ ಇದೇ ಕಣಿವೆಯ ಫಾಟಾ ಕಾಡಿನಲ್ಲಿ ನಡೆದುದು ಆಕಸ್ಮಿಕವಲ್ಲ.

ಈ ನೆಲದ ಇನ್ನೊಂದು ಮುಖವನ್ನು ಹೇಳದೆ ಮುಂದೆ ಹೋಗಲಾಗದು. ಹಿಮಾಲಯವನ್ನು ಎತ್ತಿದ ಭೂಸ್ತರಗಳ ಮಹಾಬಿರುಕೊಂದು ಈ ಪ್ರದೇಶವನ್ನು ಹಾದುಹೋಗುತ್ತದೆ. ಬಂಡೆ ಒಡೆದದ್ದು, ಇಳಿಜಾರು ಕಡಿದಾದದ್ದು, ಮುಂಗಾರು ಬಿರುಸಾದದ್ದು. ಎಷ್ಟೋ ಹಳ್ಳಿಗಳೂ ಹೊಲಗಳೂ ಹಿಂದೊಮ್ಮೆ ಕುಸಿದು ಬಂದ ಮಣ್ಣಿನ ಮೇಲೆಯೇ ನಿಂತಿವೆ. ಮಟ್ಟವಾದ, ಫಲವತ್ತಾದ ನೆಲ ಬೆಟ್ಟದಲ್ಲಿ ಬೇರೆಲ್ಲಿ ಸಿಕ್ಕೀತು? ೧೯೯೮ರ ಆಗಸ್ಟಿನಲ್ಲಿ ಊಖಿಮಠ ಮತ್ತು ಮಧ್ಯಮಹೇಶ್ವರ ಕಣಿವೆಯ ಹಳ್ಳಿಗಳ ಮೇಲೆ ಒಂದಾದ ಮೇಲೊಂದು ಭೂಕುಸಿತಗಳು ಬಿದ್ದು ಬಹು ಜನ ಸತ್ತರು. ಅದೇ ತಿಂಗಳು ಕುಮಾವೂಂನ ಮಾಲ್ಪಾದಲ್ಲಿ ಕೈಲಾಸ ಯಾತ್ರಿಕರ ಮೇಲೆ ಬೆಟ್ಟ ಕುಸಿಯಿತು. ಬೆಂಗಳೂರಿನ ಬಳಿಯ ನೃತ್ಯಗ್ರಾಮವನ್ನು ಸ್ಥಾಪಿಸಿದ ಪ್ರತಿಮಾ ಬೇಡಿಯವರು ಅಲ್ಲಿ ತೀರಿಕೊಂಡುದರಿಂದ ಮಾಲ್ಪಾದ ಹೆಸರು ನಮ್ಮಲ್ಲಿ ನೆನಪಿನಲ್ಲಿ ಉಳಿಯಿತು. ಊಖಿಮಠದಲ್ಲಿ ಸತ್ತವರು ಯಾತ್ರಿಕರಲ್ಲ, ತಮ್ಮ ಮನೆಗಳಲ್ಲಿ ಮಲಗಿದ್ದ ರೈತರು. ೧೯೯೯ರ ಮಾರ್ಚಿಯಲ್ಲಿ ಚಮೋಲಿಯ ಭೂಕಂಪ ಈ ಊರುಗಳನ್ನೂ ನಡುಗಿಸಿತು. ೨೦೧೨ರ ಸೆಪ್ಟೆಂಬರ್ ೧೩ರ ರಾತ್ರಿ ಮೋಡ ಒಡೆದಂತೆ ಮಳೆ ಸುರಿದು, ಊಖಿಮಠದ ನೆರೆಯ ಚುನ್ನಿ, ಮಂಗೋಲಿ ಮೊದಲಾದ ಹಳ್ಳಿಗಳಲ್ಲಿ ಅರವತ್ತಕ್ಕೂ ಹೆಚ್ಚು ಜನ ಮಣ್ಣುಪಾಲಾದರು.

ಅದಾಗಿ ಒಂಬತ್ತು ತಿಂಗಳಿಗೆ ಕೇದಾರದ ಮಹಾಪ್ರಳಯ. ೨೦೧೩ರ ಜೂನ್ ೧೬ ಮತ್ತು ೧೭ರಂದು ಅತಿವೃಷ್ಟಿಯ ಜೊತೆಗೆ ಚೋರಾಬಾರಿ ಸರೋವರದ ಕಟ್ಟೆಯೊಡೆದು ಸಾವಿರಾರು ಜನ ಕೊಚ್ಚಿಹೋದುದು ಎಲ್ಲರಿಗೂ ತಿಳಿದ ವಿಷಯ. ಯಾತ್ರೆಯ ಕಾಲದಲ್ಲಿ ಕಣಿವೆಯ ಗಂಡಸರು, ಶಾಲೆಯ ರಜೆಯಲ್ಲಿದ್ದ ಹುಡುಗರೂ ಸಹ, ಹೇಸರಗತ್ತೆ ನಡೆಸುವುದಕ್ಕೆ, ಅಂಗಡಿ ಇಡುವುದಕ್ಕೆ, ಪೌರೋಹಿತ್ಯಕ್ಕೆ ಮೇಲೆ ಹೋಗಿರುತ್ತಾರೆ. ಗುಪ್ತಕಾಶಿಯ ಬಳಿಯ ದೇವಲೀ ಭಣಿಗ್ರಾಮದಂಥ ಹಳ್ಳಿಗಳು ಒಂದೇ ದಿನದಲ್ಲಿ ಹತ್ತಾರು ಗಂಡಸರನ್ನು ಕಳೆದುಕೊಂಡವು. ವಿಧವೆಯರ ಊರೆಂದು ಪತ್ರಿಕೆಗಳು ಅದಕ್ಕೆ ಹೆಸರಿಟ್ಟವು, ಇಡಬಾರದಾಗಿದ್ದ ಹೆಸರು. ಕೇದಾರದಲ್ಲಿ ಪೂಜೆ ನಿಂತಾಗ ಅದನ್ನು ಊಖಿಮಠದಲ್ಲಿ ನಡೆಸಲಾಯಿತು. ಹಾಗೆ ಮಾಡಬಹುದೇ ಎಂದು ಧರ್ಮಪೀಠಗಳ ನಡುವೆ ವಾದವೂ ಎದ್ದಿತು. ಆ ವರ್ಷ ಸೆಪ್ಟೆಂಬರ್ ೧೧ರಂದು ಮೇಲಿನ ಗುಡಿಯಲ್ಲಿ ಪೂಜೆ ಪುನಃ ಆರಂಭವಾಗುವವರೆಗೆ, ತನ್ನ ಸುತ್ತಣ ಮನೆಗಳಲ್ಲಿ ಸೂತಕವಿದ್ದ ಈ ಪುಟ್ಟ ಊರೇ ಕೇದಾರವಾಗಿತ್ತು. ಊಖಿಮಠವನ್ನು ನೋಡಹೋಗುವವನು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋದರೆ, ಅಂಗಡಿಯವನೊಡನೆ ಚಹದ ಬೆಲೆಗಾಗಿ ಚೌಕಾಸಿ ಮಾಡಲಾರ.

ಯಾತ್ರಿಕರ ಸಂಖ್ಯೆ ಆ ದುರಂತದ ನಂತರ ಕೆಲಕಾಲ ಕುಗ್ಗಿ, ಮತ್ತೆ ಏರಿತು. ೨೦೨೩ರಲ್ಲಿ ಕೇದಾರಕ್ಕೆ ೧೯ ಲಕ್ಷಕ್ಕೂ ಹೆಚ್ಚು ಜನ ಬಂದರು. ಆರು ತಿಂಗಳಲ್ಲಿ ಇಷ್ಟು ಭಾರವನ್ನು ಹೊರುವ ಕಣಿವೆ ಉಳಿದ ಆರು ತಿಂಗಳು ಬಿಕೋ ಎನ್ನುತ್ತಿರುತ್ತದೆ. ಇದನ್ನು ಮನಗಂಡು ಉತ್ತರಾಖಂಡ ಸರ್ಕಾರವು ೨೦೨೪ರ ಡಿಸೆಂಬರಿನಲ್ಲಿ ಊಖಿಮಠದಿಂದಲೇ ಚಳಿಗಾಲದ ಯಾತ್ರೆಗೆ ಚಾಲನೆ ನೀಡಿತು. ನಮ್ಮ ಅಭಿಪ್ರಾಯದಲ್ಲಿ ವಯಸ್ಸಾದವರಿಗೆ, ಎತ್ತರದ ಗಾಳಿ ಒಗ್ಗದವರಿಗೆ ಇದೇ ಯೋಗ್ಯವಾದ ಕ್ರಮ. ಹೆಲಿಕಾಪ್ಟರಿನಲ್ಲಿ ಹಾರಿ, ಕೆಲವು ಕ್ಷಣ ದರ್ಶನ ಪಡೆದು ಇಳಿಯುವುದಕ್ಕಿಂತ, ಊಖಿಮಠದಲ್ಲಿ ಮೂರು ದಿನ ತಂಗಿ ಅದೇ ಕೇದಾರೇಶ್ವರನ ಪೂಜೆಯನ್ನು ಕುಳಿತು ನೋಡಬಹುದು. ಬಾಣಂತಿಯ ಮನೆಯಂತೆ ಆಗ ಊರು ಬೆಚ್ಚಗೆ, ಸದ್ದಿಲ್ಲದೆ ಇರುತ್ತದೆ. ಉಣ್ಣೆಯ ಬಟ್ಟೆ ಮಾತ್ರ ಸಾಕಷ್ಟು ಇರಬೇಕು. ಜುಲೈ, ಆಗಸ್ಟ್‌ಗಳಲ್ಲಿ ಹೋಗುವುದು ಬೇಡ. ಸೆಪ್ಟೆಂಬರಿನಲ್ಲಿಯೂ ಮಳೆ ಪೂರ್ತಿ ಹಿಂದೆಗೆಯಿತೆಂದು ಖಚಿತವಾದ ಮೇಲೆಯೇ ಹೊರಡಬೇಕು.

ನಡೆಯಬಲ್ಲವರಿಗೆ ಒಂದು ದಿನದ ಕಾರ್ಯಕ್ರಮವೂ ಉಂಟು. ಊಖಿಮಠದಿಂದ ಚೋಪ್ತಾದ ದಾರಿಯಲ್ಲಿ ಜೀಪಿನಲ್ಲಿ ಹೋಗಿ ಸಾರಿ ಎಂಬ ಹಳ್ಳಿಯಲ್ಲಿ ಇಳಿದು, ಎರಡು ಮೂರು ಕಿ.ಮೀ. ಏರಿದರೆ ದೇವರಿಯಾ ತಾಲ್ ಎಂಬ ಸರೋವರ. ಗಾಳಿ ಬೀಸದ ಬೆಳಗಿನಲ್ಲಿ ಚೌಖಂಬಾ ಶಿಖರದ ಬಿಂಬ ಅದರ ನೀರಿನಲ್ಲಿ ನಿಲ್ಲುತ್ತದೆ. ಫಾಲ್ಗುಣ ಚೈತ್ರಗಳಲ್ಲಿ ದಾರಿಯುದ್ದಕ್ಕೂ ಬುರಾಂಶ ಮರಗಳು ಕೆಂಪಗೆ ಹೂಬಿಟ್ಟಿರುತ್ತವೆ. ಆ ಹೂವಿನ ಪಾನಕವನ್ನು ಊರಿನ ಅಂಗಡಿಗಳಲ್ಲಿ ಮಾರುತ್ತಾರೆ, ಕೊಂಡುಕೊಳ್ಳಬಹುದು. ಮಂಡುವಾ ಹಿಟ್ಟು, ಗಹತ್ ಕಾಳುಗಳನ್ನೂ ಕೊಳ್ಳಬಹುದು. ಪ್ಲಾಸ್ಟಿಕ್ಕಿನ ಬಾಟಲಿಗಳನ್ನು ಕೊಂಡೊಯ್ದವರು ಅವನ್ನು ತಾವೇ ಬಯಲಿಗೆ ತರತಕ್ಕದ್ದು. ಅಂಗಡಿಯಲ್ಲಿ, ಜೀಪಿನಲ್ಲಿ ಮಾತಾಡಿಸುವಾಗ ಗಂಡಸರಿಗೆ ಭೈಜೀ, ಹೆಂಗಸರಿಗೆ ದೀದಿ ಎಂದರೆ ಸಾಕು, ಉಳಿದ ಹಿಂದಿ ತಪ್ಪಾದರೂ ನಡೆಯುತ್ತದೆ. ಋಷಿಕೇಶದ ಕಡೆಗೆ ಹೋಗುವ ಬಸ್ಸುಗಳು ಬೆಳ್ಳಂಬೆಳಗ್ಗೆಯೇ ಹೊರಡುವುದರಿಂದ ಹಿಂದಿನ ಸಂಜೆಯೇ ವಿಚಾರಿಸಿ ಸ್ಥಳ ಗೊತ್ತುಮಾಡಿಕೊಳ್ಳಬೇಕು. ಕುಂಡದವರೆಗಿನ ಇಳಿತ ತಿರುವುಗಳಿಂದ ಕೂಡಿದ್ದು, ಹೊಟ್ಟೆ ತೊಳಸುವವರು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದು ಲೇಸು.